ಸ್ಪಷ್ಟನೆ: ಮೇಲ್ದವಡೆಯ ಹಲ್ಲು ಕೀಳಿಸಿದ ನೋವು ಕಣ್ಣಿನ ನರದ್ದಲ್ಲ

ಮೇಲಿನ ದವಡೆ ಹಲ್ಲು ಕೀಳಿಸಿದ ಮೇಲೆ ಕಣ್ಣಿನ ಕೆಳಗೆ ನೋವಿದ್ದರೆ ಕಣ್ಣಿನ ನರಕ್ಕೆ ಪೆಟ್ಟಾಗಿದೆ, ದೃಷ್ಟಿ ಕುಂದುತ್ತದೆ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ನೋಟದ ನರವು ತಲೆಬುರುಡೆಯ 12 ಜೋಡಿ ನರಗಳಲ್ಲಿ ಎರಡನೆಯದು; ಮೇಲ್ದವಡೆಯ ಹಲ್ಲುಗಳ ನೋವನ್ನು ಒಯ್ಯುವುದು ಐದನೆಯ ನರದ ಒಂದು ಕವಲು. ಅದೇ ಕವಲು ಕೆನ್ನೆಗೂ ಕೆಳರೆಪ್ಪೆಗೂ ಹರಡಿರುವುದರಿಂದ ಹಲ್ಲಿನ ಜಾಗದ ನೋವು ಕಣ್ಣಿನ ಬುಡದಲ್ಲಿ ಇದ್ದಂತೆ ಅನಿಸುತ್ತದೆ. ಜೊತೆಗೆ, ಈ ಹಲ್ಲುಗಳ ಬೇರಿನ ಮೇಲೆಯೇ ಸೈನಸ್ ಎಂಬ ಗಾಳಿಕೋಣೆ ಇದ್ದು, ಕೆಲವರಲ್ಲಿ ನಡುವೆ ತೆಳುವಾದ ಮೂಳೆಯ ಪದರವಷ್ಟೇ ಇರುತ್ತದೆ; ಹಾಗಾಗಿ ಹಲ್ಲು ಕಿತ್ತ ಜಾಗದ ನೋವು ಕೆನ್ನೆಯ ಮೇಲ್ಭಾಗದಲ್ಲೂ ಅನಿಸಬಹುದು.

ನನ್ನ ತಾಯಿಗೆ ಹಲ್ಲು ಕೀಳಿಸಿದಾಗ ಕನ್ನಡಕದ ಅಂಚು ಕೆನ್ನೆಗೆ ತಾಗಿದರೂ ಮುಖ ಹಿಂಡುತ್ತಿದ್ದರು. ಐದನೆಯ ದಿನ ಮೆತ್ತಗಿನ ಅನ್ನವನ್ನು ನೆಮ್ಮದಿಯಿಂದ ಉಂಡರು. ಸಾಮಾನ್ಯವಾಗಿ ಊತ ಎರಡು ಮೂರನೆಯ ದಿನ ಹೆಚ್ಚಾಗಿದ್ದು ಆಮೇಲೆ ಇಳಿಯುತ್ತದೆ, ಒಸಡು ಒಂದೆರಡು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಮೂಳೆ ತುಂಬಲು ಮಾತ್ರ ತಿಂಗಳುಗಳೇ ಬೇಕು.

ಆದರೆ ಮೂರು ದಿನಗಳ ನಂತರ ನೋವು ಏರಿದರೆ, ಜ್ವರ ಬಂದರೆ, ಕುಡಿದ ನೀರು ಮೂಗಿನಿಂದ ಬಂದರೆ ದಂತವೈದ್ಯರನ್ನು ಕಾಣಬೇಕು. ಊತ ಕಣ್ಣಿನತ್ತ ಹರಡಿದರೆ ಅಥವಾ ನೋಟ ಮಸುಕಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದು ಸೋಂಕಿನ ಸೂಚನೆಯಾಗಿರಬಹುದು.

ಈ ಸಂದೇಶಕ್ಕೆ ಹೆದರಿ ಕೊಳೆತ ಹಲ್ಲನ್ನು ಹಾಗೆಯೇ ಉಳಿಸಿಕೊಳ್ಳುವವರಿದ್ದಾರೆ ಎಂಬುದೇ ನನ್ನ ಆತಂಕ. ದಯವಿಟ್ಟು ಅದನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.