ಅರಿವಿಲ್ಲದಾಗ ಏನಾಯಿತೆಂದು ನನ್ನನ್ನೇ ಕೇಳುತ್ತಾರೆ

ವೈದ್ಯರ ಕೋಣೆಯೊಳಗೆ ಕಾಲಿಡುತ್ತಿದ್ದಂತೆ ಬರುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಹೋದ ಸಲ ಬಂದು ಹೋದಮೇಲೆ ಎಷ್ಟು ಸಲ ಫಿಟ್ಸ್ ಬಂತು?" ಮಿದುಳಿನ ಒಂದು ಭಾಗದಲ್ಲಿ ಹುಟ್ಟಿ ಕೆಲವೇ ಕ್ಷಣಗಳಲ್ಲಿ ಅರಿವನ್ನು ಅಳಿಸಿಬಿಡುವ ಬಗೆಯ ಮೂರ್ಛೆರೋಗ ನನ್ನದು ಎಂದು ಅವರೇ ಫೈಲಿನಲ್ಲಿ ಬರೆದಿಟ್ಟಿದ್ದಾರೆ. ಆ ಒಂದೆರಡು ನಿಮಿಷ ನಾನು ಎಲ್ಲೋ ದಿಟ್ಟಿಸುತ್ತ ನಿಂತಿರುತ್ತೇನೆ, ತುಟಿ ಚಪ್ಪರಿಸುತ್ತೇನೆ, ಅಂಗಿಯ ಗುಂಡಿಯನ್ನು ತಡಕುತ್ತಲೇ ಇರುತ್ತೇನೆ, ಕರೆದರೆ ಓಗೊಡುವುದಿಲ್ಲ. ಇದಾವುದೂ ನನಗೆ ಗೊತ್ತಾಗುವುದಿಲ್ಲ. ಅಕ್ಕ ಹೇಳಿದಮೇಲೆ ತಿಳಿಯುತ್ತದೆ. ಅವಳು ಹತ್ತಿರವಿಲ್ಲದ ಹೊತ್ತಿನಲ್ಲಿ ಬಂದದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಹೀಗಿರುವಾಗ, ನಡೆದದ್ದನ್ನು ಕಣ್ಣಾರೆ ಕಂಡ ಏಕೈಕ ವ್ಯಕ್ತಿಯನ್ನು ಬಾಗಿಲಲ್ಲೇ ತಡೆದು "ಪೇಷೆಂಟ್ ಒಬ್ಬರೇ ಒಳಗೆ ಬನ್ನಿ" ಎನ್ನುತ್ತಾರಲ್ಲ, ಆ ಪದ್ಧತಿಯ ಮೇಲೆ ನನಗಿರುವ ಸಿಟ್ಟು ಹೇಳತೀರದು.

ಈ ಕಾಯಿಲೆಯನ್ನು ಗುರುತಿಸುವುದಕ್ಕೆ ಮುಖ್ಯ ಆಧಾರವೇ ನೋಡಿದವರ ಮಾತು ಎಂಬುದನ್ನು ನರರೋಗ ತಜ್ಞರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಸಾಮಾನ್ಯವಾಗಿ ಮಾಡುವ ಇಇಜಿ 20ರಿಂದ 30 ನಿಮಿಷಗಳ ಕಾಲ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುತ್ತದೆ. ಆ ಹೊತ್ತಿನಲ್ಲಿ ಮಿದುಳು ಸುಮ್ಮನಿದ್ದರೆ ವರದಿ ನಾರ್ಮಲ್ ಎಂದೇ ಬರುತ್ತದೆ. ಹಾಗೆ ಬಂದಮಾತ್ರಕ್ಕೆ ಕಾಯಿಲೆ ಇಲ್ಲವೆಂದಾಗುವುದಿಲ್ಲ. ಆದರೂ ಒಬ್ಬ ವೈದ್ಯರು ಆ ಹಾಳೆಯನ್ನು ತಿರುವಿಹಾಕಿ, "ಇದು ನಿಜವಾಗಿಯೂ ಫಿಟ್ಸೋ, ಇಲ್ಲ ಟೆನ್ಷನ್ನೋ?" ಎಂದು ಕೇಳಿದರು. ಅಕ್ಕ ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೊ ನನ್ನ ಕೈಯಲ್ಲೇ ಇತ್ತು, ತೋರಿಸಲು ಹೋದೆ, ಅವರು ನೋಡಲಿಲ್ಲ. ಮಾನಸಿಕ ಕಾರಣಗಳಿಂದ ಬರುವ, ಫಿಟ್ಸಿನಂತೆಯೇ ಕಾಣುವ ಅನುಭವಗಳು ಇವೆ ಎಂಬುದು ನನಗೂ ಗೊತ್ತು. ಅವು ಇರುವವರು ನಟಿಸುತ್ತಿರುವುದಿಲ್ಲ, ಅವರಿಗೂ ಚಿಕಿತ್ಸೆ ಸಿಗಬೇಕು. ಅನುಮಾನವಿದ್ದರೆ ಅದನ್ನು ಬಗೆಹರಿಸಲು ದಿನಗಟ್ಟಲೆ ದಾಖಲಿಸುವ ವಿಡಿಯೊ ಇಇಜಿ ಇದೆ. ಅದನ್ನು ಬರೆದುಕೊಡದೆ, ಅನುಮಾನವನ್ನು ಮಾತ್ರ ನನ್ನ ತಲೆಯ ಮೇಲೆ ಹಾಕಿ ಕಳಿಸುವುದು ಯಾವ ನ್ಯಾಯ?

ಮಾತ್ರೆಯ ವಿಷಯಕ್ಕೆ ಬಂದರೆ ಕೇಳುವವರೇ ಇಲ್ಲ. ಲೆವೆಟಿರಾಸೆಟಮ್ ಎಂಬ ಫಿಟ್ಸಿನ ಮಾತ್ರೆ ಶುರುಮಾಡಿದಮೇಲೆ ನಾನು ಮನೆಯವರಿಗೇ ಬೇಡವಾಗುವಷ್ಟು ರೇಗತೊಡಗಿದೆ. ಚಿಕ್ಕ ಮಾತಿಗೂ ಸಿಡಿಯುತ್ತಿದ್ದೆ, ಆಮೇಲೆ ಒಬ್ಬರೇ ಕುಳಿತು ಅಳುವಂತಾಗುತ್ತಿತ್ತು. ಸಿಡುಕು, ಖಿನ್ನತೆ ಈ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮಗಳು. ಡಬ್ಬಿಯೊಳಗಿನ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಅದನ್ನು ಹೇಳಿಕೊಂಡಾಗ ಸಿಕ್ಕ ಉತ್ತರ, "ಫಿಟ್ಸ್ ಕಡಿಮೆಯಾಗಿದೆಯಲ್ಲ, ಅದನ್ನು ನೋಡಿ" ಎಂಬುದು. ಬೇಸತ್ತು ನಾನೇ ನಿಲ್ಲಿಸಿಬಿಡುವಂತೆಯೂ ಇಲ್ಲ. ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬರಬಹುದು. ಮೈಯೆಲ್ಲ ಅದುರುವ ಫಿಟ್ಸ್ 5 ನಿಮಿಷ ದಾಟಿತೆಂದರೆ ಅದು ಪ್ರಾಣಕ್ಕೇ ಅಪಾಯ ತರುವ ತುರ್ತು ಸ್ಥಿತಿ. ನುಂಗಿದರೆ ನೆಮ್ಮದಿಯಿಲ್ಲ, ಬಿಟ್ಟರೆ ಜೀವಕ್ಕೆ ಭರವಸೆಯಿಲ್ಲ ಎಂಬಂತಿರುವವರಿಗೆ ಐದು ನಿಮಿಷ ಕಿವಿಗೊಡುವುದು ಅಷ್ಟು ಕಷ್ಟವೇ?

ಇದಕ್ಕಿಂತಲೂ ನನ್ನನ್ನು ಕಂಗೆಡಿಸಿದ್ದು ಕಾಯುವ ಬೆಂಚಿನಲ್ಲಿ ಪರಿಚಯವಾದ ಒಬ್ಬ ಯುವತಿಯ ಮಾತು. ಆಕೆ ವರ್ಷಗಳಿಂದ ವಾಲ್ಪ್ರೊಯೇಟ್ ಎಂಬ ಫಿಟ್ಸಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಮಗು ಬೇಕೆಂದು ಯೋಚಿಸುತ್ತಿದ್ದಳು. ಗರ್ಭಿಣಿಯಾಗಿರುವಾಗ ಆ ಮಾತ್ರೆ ತೆಗೆದುಕೊಂಡರೆ ಹುಟ್ಟುವ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದೋಷ ಇರುವ ಸಂಭವ ಇದೆ, 30ರಿಂದ 40 ಮಕ್ಕಳ ಬೆಳವಣಿಗೆಯಲ್ಲಿ ತೊಂದರೆ ಕಾಣಿಸಿಕೊಳ್ಳಬಹುದು ಎಂಬುದನ್ನು ಆಕೆಗೆ ಒಬ್ಬರೂ ಹೇಳಿರಲಿಲ್ಲ. ಮಾತ್ರೆಯನ್ನು ತಾನಾಗಿ ಬಿಡದೆ, ಗರ್ಭ ಧರಿಸುವ ಮೊದಲೇ ವೈದ್ಯರೊಂದಿಗೆ ಕುಳಿತು ಬದಲಿಸಿಕೊಳ್ಳುವ ದಾರಿ ಇದೆ ಎಂಬುದನ್ನೂ ಹೇಳಿರಲಿಲ್ಲ. ಪ್ರತಿ ಭೇಟಿಯಲ್ಲೂ ಹಳೆಯ ಚೀಟಿಯನ್ನೇ ನಕಲು ಮಾಡಿ ಕೊಟ್ಟಿದ್ದರು.

ಬೇರೊಂದು ತೊಂದರೆಗೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಸೇರಿಕೊಂಡಾಗ "ರಾತ್ರಿಯಿಂದ ಬಾಯಿಗೆ ಏನೂ ಹಾಕಬೇಡಿ" ಎಂಬ ಸೂಚನೆಯಲ್ಲಿ ನನ್ನ ಫಿಟ್ಸಿನ ಮಾತ್ರೆಯೂ ಸೇರಿಹೋಯಿತು. ಸಾಮಾನ್ಯವಾಗಿ ಅದನ್ನು ಶಸ್ತ್ರಚಿಕಿತ್ಸೆಯ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ಕೊಡುತ್ತಾರೆ, ಹೊತ್ತು ತಪ್ಪಿಸುವುದಿಲ್ಲ. ನಾನು ಕೇಳಿದೆ, ಬೇಡಿಕೊಂಡೆ. ಕೇಸ್ ಶೀಟಿನಲ್ಲಿ ಬರೆದಿಲ್ಲ ಎಂದರು. ಬರೆಯಬೇಕಾದ ವೈದ್ಯರು ಸಿಗಲಿಲ್ಲ. ಫಿಟ್ಸ್ ಬಂದಮೇಲೆ ಎಲ್ಲರೂ ಓಡಿಬಂದರು.

ಇಷ್ಟೆಲ್ಲ ಸಹಿಸಿಕೊಂಡರೂ ಸಹಿಸಲಾಗದ್ದು ಇನ್ನೊಂದಿದೆ. ಹೋದಾಗಲೆಲ್ಲ ಹೊಸ ವೈದ್ಯರು ಇರುತ್ತಾರೆ, ಮೊದಲಿನಿಂದ ಕಥೆ ಹೇಳಬೇಕು. ಫೈಲು ದಪ್ಪಗಾಗಿದೆ, ಓದುವವರಿಲ್ಲ. ಇದರಿಂದ ಸಮಯ ಹಾಳಾಗುತ್ತದೆ ಎಂಬುದು ಸಣ್ಣ ಮಾತು. ದೊಡ್ಡ ನಷ್ಟವೆಂದರೆ, ನನ್ನ ಮೇಲೆ ಸೋತ ಔಷಧಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಮೂರ್ಛೆರೋಗ ಎಂದು ಪರಿಗಣಿಸಬೇಕೆಂದು ಮೂರ್ಛೆರೋಗ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಇಂಟರ್‌ನ್ಯಾಷನಲ್ ಲೀಗ್ ಎಗೇನ್ಸ್ಟ್ ಎಪಿಲೆಪ್ಸಿ 2010ರಲ್ಲೇ ಹೇಳಿದೆ. ಅದು ಸುಮ್ಮನೆ ಹೇಳಿದ ಮಾತಲ್ಲ. ಮೊದಲ ಔಷಧದಿಂದ ಸುಮಾರು ಅರ್ಧದಷ್ಟು ಜನರಿಗೆ ಫಿಟ್ಸ್ ನಿಂತರೂ, ಎರಡು ಔಷಧಗಳು ಸೋತಮೇಲೆ ಮೂರನೆಯದು ಪೂರ್ತಿ ಕೆಲಸ ಮಾಡುವ ಸಾಧ್ಯತೆ ತೀರ ಕಡಿಮೆಯೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೇ ತೋರಿಸಿತ್ತು. ಆ ಹಂತದಲ್ಲಿ ರೋಗಿಯನ್ನು ವಿಶೇಷ ಕೇಂದ್ರಕ್ಕೆ ಕಳಿಸಿ, ಮಿದುಳಿನ ಶಸ್ತ್ರಚಿಕಿತ್ಸೆಯಿಂದ ಉಪಯೋಗವಾಗುತ್ತದೆಯೇ ಎಂಬುದನ್ನಾದರೂ ನೋಡಿಸಬೇಕು. ನನ್ನಂತೆ ಕಿವಿಯ ಬದಿಯ ಮಿದುಳಿನ ಭಾಗದಲ್ಲಿ ಫಿಟ್ಸ್ ಹುಟ್ಟುವ 80 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಅರಿವು ತಪ್ಪಿಸುವ ಫಿಟ್ಸಿನಿಂದ ಮುಕ್ತರಾಗಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 58, ಔಷಧವೊಂದನ್ನೇ ನಂಬಿದ್ದ ಗುಂಪಿನಲ್ಲಿ ನೂರಕ್ಕೆ 8.

ಶಸ್ತ್ರಚಿಕಿತ್ಸೆ ಎಲ್ಲರಿಗೂ ಹೊಂದುವುದಿಲ್ಲ, ನನಗೂ ಹೊಂದದೆ ಇರಬಹುದು. ಪರೀಕ್ಷಿಸಿ "ಆಗುವುದಿಲ್ಲ" ಎಂದು ಹೇಳಿದರೆ ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ವಿಷಯದಲ್ಲಿ ಆ ಪ್ರಶ್ನೆಯನ್ನೇ ಯಾರೂ ಎತ್ತಿಲ್ಲ, ಏಕೆಂದರೆ ಪ್ರತಿಯೊಬ್ಬ ಹೊಸ ವೈದ್ಯರಿಗೂ ತಾವು ಬರೆದ ಔಷಧವೇ ಮೊದಲನೆಯದು. ಹಿಂದಿನದನ್ನು ಏಕೆ ಬಿಟ್ಟರು, ಎಷ್ಟು ಪ್ರಮಾಣದವರೆಗೆ ಏರಿಸಿದ್ದರು, ಮೈಗೆ ಒಗ್ಗದೆ ನಿಲ್ಲಿಸಿದರೋ ಫಲವಿಲ್ಲದೆ ನಿಲ್ಲಿಸಿದರೋ ಎಂಬುದನ್ನು ನಾನೇ ಒಂದು ಹಾಳೆಯಲ್ಲಿ ಬರೆದು, ಮೇಲೆ ದಪ್ಪಕ್ಷರದಲ್ಲಿ ಔಷಧಗಳ ಹೆಸರು ಹಾಕಿ, ಈಚಿನ ಭೇಟಿಯಲ್ಲಿ ಮೇಜಿನ ಮೇಲಿಟ್ಟೆ. ವಿಶೇಷ ಕೇಂದ್ರಕ್ಕೆ ಒಂದು ಪತ್ರ ಬರೆದುಕೊಡಿ ಎಂದು ಕೇಳಿದೆ. ಅವರು ಹಾಳೆಯನ್ನು ಫೈಲಿನೊಳಕ್ಕೆ ತಳ್ಳಿ, ಇನ್ನೊಂದು ಮಾತ್ರೆ ಸೇರಿಸಿ ನೋಡೋಣ ಎಂದರು.