ಆರು ಮತದ ಗಿಳಿಶಾಸ್ತ್ರ

2024ರ ನವೆಂಬರ್ 5, ಬೆಳಿಗ್ಗೆ ಹತ್ತೂವರೆ ದಾಟಿತ್ತು. ಎರಡನೇ ಕಾಫಿಗೆ ಕಾಯುತ್ತ ಕೂತಿದ್ದೆ. ಅಮೆರಿಕದ ಅಧ್ಯಕ್ಷ ಚುನಾವಣೆಯ ಮೊದಲ ಫಲಿತಾಂಶ ಬಂತು, ಟ್ರಂಪ್-ಹ್ಯಾರಿಸ್ ಸಮಬಲ ಎಂದು ಸುದ್ದಿ ಹರಿದಾಡತೊಡಗಿತು. ಅಲ್ಲಿ ಆಗಷ್ಟೇ ನಡುರಾತ್ರಿ ಕಳೆದಿತ್ತು. ದೇಶ ಗೊರಕೆ ಹೊಡೆಯುತ್ತಿತ್ತು. ಫಲಿತಾಂಶ ಏನಪ್ಪಾ ಅಂದರೆ ಮೂರು-ಮೂರು. ಲಕ್ಷವೂ ಅಲ್ಲ, ಸಾವಿರವೂ ಅಲ್ಲ. ಆ ಕಡೆ ಮೂರು ಜನ, ಈ ಕಡೆ ಮೂರು ಜನ.

ಊರಿನ ಹೆಸರು ಡಿಕ್ಸ್‌ವಿಲ್ ನಾಚ್. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಉತ್ತರದ ತುದಿ, ಕೆನಡಾ ಗಡಿಯ ಹತ್ತಿರ. ಅಲ್ಲಿಯವರ ಬಾಯಲ್ಲಿ ನಾಚ್ ಎಂದರೆ ಬೆಟ್ಟದ ಸಂದು. ನಾಚಿಕೆಗೂ ಅದಕ್ಕೂ ನಂಟಿಲ್ಲ ಅನ್ನುವುದು ಅವರು ಕ್ಯಾಮೆರಾ ಮುಂದೆ ನಿಲ್ಲುವ ಠೀವಿಯಲ್ಲೇ ಗೊತ್ತಾಗುತ್ತದೆ. ನೂರಕ್ಕಿಂತ ಕಡಿಮೆ ಜನರಿರುವ ಊರು ನಡುರಾತ್ರಿಯೇ ಮತಗಟ್ಟೆ ತೆರೆಯಬಹುದು, ಕೊನೆಯ ಮತದಾರ ಹಾಕಿದ ಕೂಡಲೇ ಮುಚ್ಚಿ ಎಣಿಸಬಹುದು ಎಂದು ಆ ರಾಜ್ಯದ ಕಾನೂನು ಹೇಳುತ್ತದೆ. ಹಾಗಾಗಿ ಇಲ್ಲಿ ಮತದಾನ ಯಾವತ್ತೂ ಶೇ 100. ಒಬ್ಬರಿಗೆ ನೆಗಡಿ ಬಂದು ಮಲಗಿದರೆ ಶೇ 83ಕ್ಕೆ ಕುಸಿತ.

ಈ ಆರು ಮತಗಳಲ್ಲಿ ದೇಶದ ನಾಡಿಮಿಡಿತ ಹುಡುಕುವವರು ನಮ್ಮ ಜಾತ್ರೆಯ ಗಿಳಿಶಾಸ್ತ್ರದವನಿಗೆ ಅಡ್ಡಬೀಳಬೇಕು. ಅವನ ಗಿಳಿ ಕನಿಷ್ಠ ಹಗಲಲ್ಲಿ ಕಾರ್ಡು ಎತ್ತುತ್ತದೆ. ಡಿಕ್ಸ್‌ವಿಲ್‌ನ ಗಿಳಿ 1960ರಲ್ಲಿ ಮೊದಲ ಸಲ ನಡುರಾತ್ರಿ ಕಾರ್ಡು ಎತ್ತಿತು: ನಿಕ್ಸನ್ 9, ಕೆನಡಿ 0. ಗೆದ್ದವರು ಕೆನಡಿ. ಬೋಣಿಯೇ ಹೀಗಾದರೂ ಅಂಗಡಿ ಮುಚ್ಚಲಿಲ್ಲ. 2012ರಲ್ಲಿ ಒಬಾಮಾ 5, ಎದುರಾಳಿ ರಾಮ್ನಿ 5, ಪಂಡಿತರು ಕಂಗಾಲು. 2016ರಲ್ಲಿ ಕಣದಲ್ಲೇ ಇಲ್ಲದ ಅದೇ ರಾಮ್ನಿಗೆ ಯಾರೋ ಒಬ್ಬರು ಮತಪತ್ರದಲ್ಲಿ ಕೈಯಾರೆ ಹೆಸರು ಬರೆದು ಮತ ಹಾಕಿದರು. ಎಂಟರಲ್ಲಿ ಒಂದು, ಅಂದರೆ ಶೇ 12.5ರ ರಾಮ್ನಿ ಅಲೆ!

2020ರ ಪ್ರೈಮರಿ, ಅಂದರೆ ಪಕ್ಷದೊಳಗಿನ ಆಯ್ಕೆಯ ಕತೆ ಇನ್ನೂ ಚಂದ. ಮತಪತ್ರದಲ್ಲಿ ಹೆಸರೇ ಇಲ್ಲದ, ನ್ಯೂಯಾರ್ಕಿನ ಮಾಜಿ ಮೇಯರ್ ಬ್ಲೂಮ್‌ಬರ್ಗ್‌ಗೆ ಡೆಮಾಕ್ರಟಿಕ್ ಪಕ್ಷದಲ್ಲಿ ಎರಡು, ರಿಪಬ್ಲಿಕನ್ ಪಕ್ಷದಲ್ಲಿ ಒಂದು ಮತ. ಎರಡೂ ಪಕ್ಷದಲ್ಲಿ ಅವರೇ ವಿಜೇತ. ಇಷ್ಟಕ್ಕೂ ಆ ವರ್ಷ ಮತಗಟ್ಟೆ ನಡೆದದ್ದೇ ಪುಣ್ಯ. ನಡೆಸಲು ಐದು ಜನ ಬೇಕು, ಊರಲ್ಲಿ ಉಳಿದವರು ನಾಲ್ಕೇ. ಕೊನೆಗೆ ಅಲ್ಲಿನ ಹೋಟೆಲನ್ನು ಮತ್ತೆ ಎಬ್ಬಿಸಲು ಹೊರಟಿದ್ದ ಉದ್ಯಮಿಯೇ ಬಂದು ವಾಸ ಹೂಡಿ ಲೆಕ್ಕ ತುಂಬಿಸಿದರು.

ಇನ್ನು ಗುಪ್ತ ಮತದಾನ. ಅದೇ 2020ರ ನವೆಂಬರ್‌ನಲ್ಲಿ ಬೈಡನ್ 5, ಟ್ರಂಪ್ 0. ಗುಟ್ಟು ಎಲ್ಲಿ ಉಳಿಯಿತು, ಹೇಳಿ. 2024ರ ಆರು ಮತದಾರರಲ್ಲಿ ನಾಲ್ವರು ಮತದಾರರ ಪಟ್ಟಿಯಲ್ಲೇ ರಿಪಬ್ಲಿಕನ್, ಅಂದರೆ ಟ್ರಂಪ್ ಪಕ್ಷ ಎಂದು ನೋಂದಾಯಿಸಿದವರು, ಇಬ್ಬರು ಯಾವ ಪಕ್ಷವೂ ಅಲ್ಲ. ಜನವರಿಯ ಪ್ರೈಮರಿಯಲ್ಲಿ ಆರಕ್ಕಾರೂ ಮತ ಪಕ್ಷದೊಳಗೆ ಟ್ರಂಪ್‌ಗೆ ಎದುರು ನಿಂತ ನಿಕ್ಕಿ ಹೇಲಿಗೆ ಬಿದ್ದವು; ಅದೇ ದಿನ ರಾತ್ರಿ ರಾಜ್ಯ ಟ್ರಂಪ್ ಪಾಲಾಯಿತು. ನವೆಂಬರ್‌ನಲ್ಲಿ ಮೂರು-ಮೂರು. ಎಂದರೆ ಆ ನಾಲ್ವರಲ್ಲಿ ಕನಿಷ್ಠ ಒಬ್ಬರು ಹ್ಯಾರಿಸ್‌ಗೆ ಮತ ಹಾಕಿದ್ದಾರೆ. ಯಾರು? ಮುಂದೆ ಇಡೀ ಚಳಿಗಾಲವಿದೆ, ಸುತ್ತ ಮೊಣಕಾಲುದ್ದ ಹಿಮ, ಮಾತಾಡಲು ಸಿಗುವವರು ಅದೇ ಐದು ಮುಖ. ಆ ಊರಿನ ಚಹಾದ ಹೊತ್ತನ್ನು ನೆನೆದರೆ ನನಗೇ ಬೆವರುತ್ತದೆ.

ಈ ತಮಾಷೆಗೆ ಗಂಟೆ ಕಟ್ಟಿದವರು ನೀಲ್ ಟಿಲೊಟ್ಸನ್, ರಬ್ಬರ್ ಬಲೂನಿನಿಂದ ಕಾಸು ಮಾಡಿದ ಕುಳ, ಅಲ್ಲಿನ ಬಾಲ್ಸಮ್ಸ್ ಹೋಟೆಲಿನ ಮಾಲೀಕರು. ನಡುರಾತ್ರಿಯ ಮತಪೆಟ್ಟಿಗೆ, ಬೆಳಿಗ್ಗೆ ಪತ್ರಿಕೆಗಳಲ್ಲಿ ಊರಿನ ಹೆಸರು. ಹೋಟೆಲಿಗೆ ಇದಕ್ಕಿಂತ ಅಗ್ಗದ ಜಾಹೀರಾತು ಉಂಟೇ? ಬಲೂನು ಊದುವುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 2001ರಲ್ಲಿ, 102ರ ವಯಸ್ಸಿನಲ್ಲಿ ತೀರಿಕೊಂಡರು. ಹೋಟೆಲು 2011ರಲ್ಲಿ ಬಾಗಿಲು ಹಾಕಿತು. ಜಾಹೀರಾತು ಮಾತ್ರ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದೆ.

ಆದರೆ ಡಿಕ್ಸ್‌ವಿಲ್‌ಗೂ ಮುಂಚೆ ನಡುರಾತ್ರಿ ಮತ ಹಾಕಿದವರು ತಮಾಷೆಗೆ ಹಾಕಿದ್ದಲ್ಲ. ಅದೇ ರಾಜ್ಯದ ಹಾರ್ಟ್ಸ್ ಲೊಕೇಶನ್ ಎಂಬ ಪುಟ್ಟ ಊರಿನಲ್ಲಿ ರೈಲ್ವೆ ಕೆಲಸಗಾರರಿದ್ದರು. ಬೆಳಕು ಹರಿಯುವ ಮುಂಚೆ ಡ್ಯೂಟಿಗೆ ಹಾಜರಾಗಬೇಕು, ಮತಗಟ್ಟೆ ತೆರೆಯುವ ತನಕ ಕಾಯುವಂತಿಲ್ಲ. ಅದಕ್ಕೇ 1948ರಲ್ಲಿ ರಾತ್ರಿಯೇ ಮತ ಹಾಕಿ ಕೆಲಸಕ್ಕೆ ಹೊರಟರು. ಪತ್ರಕರ್ತರ ಕಾಟ ತಾಳಲಾರದೆ 1964ರಲ್ಲಿ ಊರಿನವರೇ ಕೈಬಿಟ್ಟರು. 1996ರಲ್ಲಿ ಮತ್ತೆ ಹಿಡಿದರು.

ಕೆಲಸಗಾರನ ಆ ತಾಪತ್ರಯ ಈಗ ತೀರಿದೆಯೇ? ಚುನಾವಣೆ ಇವತ್ತಿಗೂ ಮಂಗಳವಾರವೇ, 1845ರ ಕಾನೂನು. ಭಾನುವಾರ ಚರ್ಚು, ಬುಧವಾರ ಸಂತೆ, ನಡುವೆ ರೈತ ಕುದುರೆಗಾಡಿ ಕಟ್ಟಿಕೊಂಡು ಹೋಗಿ ಮತ ಹಾಕಿ ಬರಲಿ ಎಂಬ ಲೆಕ್ಕವಂತೆ. ಕುದುರೆ ಹೋಯಿತು, ಗಾಡಿ ಹೋಯಿತು, ಮಂಗಳವಾರ ಹೋಗಲಿಲ್ಲ. ದೇಶಕ್ಕೆಲ್ಲ ರಜೆಯೂ ಇಲ್ಲ. ಮುಂಚಿತ ಮತ, ಅಂಚೆ ಮತ ಎಂದು ಹಲವು ರಾಜ್ಯಗಳು ತೇಪೆ ಹಾಕಿಕೊಂಡಿವೆ. ಶತಮಾನದಲ್ಲೇ ಇಂಥ ಮತದಾನ ಕಂಡಿರಲಿಲ್ಲ ಎಂದು ಹೊಗಳಿಸಿಕೊಂಡ 2020ರಲ್ಲೂ ಅರ್ಹರಲ್ಲಿ ಮೂವರಿಗೊಬ್ಬರು ಮತವನ್ನೇ ಹಾಕಲಿಲ್ಲ. ಆ ಕೋಟಿಗಟ್ಟಲೆ ಜನರ ಮನೆ ಮುಂದೆ ಯಾವ ಟಿ.ವಿ.ಯವರೂ ನಡುರಾತ್ರಿ ಲೈಟು ಹಾಕಿಕೊಂಡು ನಿಲ್ಲಲಿಲ್ಲ.

ನನ್ನ ಕಾಫಿ ಬರುವ ಹೊತ್ತಿಗೆ ಡಿಕ್ಸ್‌ವಿಲ್‌ನಲ್ಲಿ ಎಣಿಕೆ ಮುಗಿದು, ಕ್ಯಾಮೆರಾದವರು ವೈರು ಸುತ್ತುತ್ತಿದ್ದಿರಬೇಕು. ಮತ ಹಾಕಿದ ಆರು ಮಂದಿ ಬೆಳಿಗ್ಗೆ ತಡವಾಗಿ ಎದ್ದರೂ ಕೇಳುವವರಿಲ್ಲ. ಉಳಿದ ಅಮೆರಿಕ ಮಾತ್ರ ಆರು ಗಂಟೆಗೆ ಅಲಾರಂ ಇಟ್ಟುಕೊಂಡು ಮಲಗಿತ್ತು. ಮಂಗಳವಾರ ಅಲ್ಲವೇ, ಕೆಲಸಕ್ಕೆ ಹೋಗಬೇಕು.