ಸೋತು ಫೇವರಿಟ್ ಆದವಳು

105 ಸಲ ಓಡಿ 105 ಸಲವೂ ಸೋತ ಕುದುರೆಯ ಮೇಲೆ ದುಡ್ಡು ಕಟ್ಟಲು ಜನ ಕ್ಯೂ ನಿಂತಿದ್ದರು ಅಂದರೆ ನಂಬ್ತೀರಾ? ಜಪಾನಿನ ಹಾರು ಉರಾರಾ ಎಂಬ ಹೆಣ್ಣು ಕುದುರೆಗೆ ಆ ಭಾಗ್ಯ ಸಿಕ್ಕಿತ್ತು.

1998ರಲ್ಲಿ ಕೋಚಿಯಲ್ಲಿ ಅವಳ ಮೊದಲ ಓಟ. (ಕೇರಳದ ಕೊಚ್ಚಿ ಅಲ್ಲ, ಅಲ್ಲಿ ಕುದುರೆಗಿಂತ ದೋಣಿಯೇ ಜಾಸ್ತಿ.) ಮೊದಲ ದಿನವೇ ಕೊನೆಯ ಸ್ಥಾನ. ಆಮೇಲೂ ಅದೇ ಹಾಡು. 2003ರಲ್ಲಿ ಸೋಲು ನೂರರ ಹತ್ತಿರ ಬಂದಾಗ ಪತ್ರಿಕೆಯವರ ಕಣ್ಣಿಗೆ ಬಿದ್ದಳು. ಸಾಲ ಮಾಡಿಕೊಂಡು ಬಾಗಿಲು ಹಾಕುವ ಹಂತದಲ್ಲಿದ್ದ ರೇಸ್ ಕೋರ್ಸಿಗೆ ಜನವೋ ಜನ. ಒಮ್ಮೆಯಾದರೂ ಇವಳು ಗೆಲ್ಲೋದನ್ನು ನೋಡಬೇಕು ಅಂತ ಪ್ರಧಾನಿ ಕೊಯಿಜುಮಿ ಅವರೂ ಆಸೆಪಟ್ಟರು.

ಆ 105 ಸೋಲುಗಳಾದ ಮೇಲೆ, 2004ರ ಮಾರ್ಚ್ 22ರಂದು ದೇಶದ ಹೆಸರಾಂತ ಜಾಕಿ ಯುಟಾಕ ಟಾಕೆಯೇ ಅವಳನ್ನೇರಿದ. ಮಳೆ, ಕೆಸರು, ಸುಮಾರು 13,000 ಜನ. ಗುಲಾಬಿ ಮುಸುಕು ಹಾಕಿಕೊಂಡು ಬಂದ ಇವಳೇ ಆ ರೇಸಿನ ಫೇವರಿಟ್, ಅಂದರೆ ಎಲ್ಲರಿಗಿಂತ ಹೆಚ್ಚು ದುಡ್ಡು ಬಿದ್ದ ಕುದುರೆ! ಇನ್ನೇನು ಇತಿಹಾಸ ಬದಲಾಗುತ್ತೆ ಅನ್ನುವಷ್ಟರಲ್ಲಿ 11 ಕುದುರೆಗಳಲ್ಲಿ 10ನೆಯವಳಾಗಿ ಬಂದಳು. ಟಾಕೆ ಅಷ್ಟಕ್ಕೇ ಬಿಡದೆ, ಗೆದ್ದವಳ ಹಾಗೆ ಅವಳನ್ನು ಜನರೆದುರು ಒಂದು ಸುತ್ತು ಓಡಿಸಿದ. ಅವನ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲೇ. ಕೊನೆಗೆ ಅವಳ ಲೆಕ್ಕ: ಓಟ 113, ಗೆಲುವು ಸೊನ್ನೆ.

ಅವಳ ಟಿಕೆಟ್ಟನ್ನು ಎಷ್ಟೋ ಜನ ಕೊಂಡಿದ್ದು ದುಡ್ಡಿನಾಸೆಗಲ್ಲ. ಎಂದೂ ಹೊಡೆಯದ ಟಿಕೆಟ್ ಕಾರಿನಲ್ಲಿದ್ದರೆ ಕಾರಿಗೆ ಯಾರೂ ಹೊಡೆಯಲ್ಲ ಅಂತ ನಂಬಿಕೆ. ನಮ್ಮಲ್ಲಿ ಮನೆ ಮಠ ಕುದುರೆ ಬಾಲಕ್ಕೆ ಕಟ್ಟಿದವರಿದ್ದಾರೆ. ಅಲ್ಲಿ ಬಾಲದ ಕೂದಲನ್ನೇ ತಾಯಿತ ಮಾಡಿಕೊಂಡರು.

ಇದನ್ನು ಓದಿದ ಮೇಲೆ ನಾನು ಸುಮ್ನೆ ಇರುತ್ತೇನಾ? ದೀಪಾವಳಿ ಲಕ್ಕಿ ಡ್ರಾದಲ್ಲಿ ಪಕ್ಕದ ಮನೆಯವರಿಗೆ ಮಿಕ್ಸಿ ಬಂದು ನನ್ನ ಪಾಲಿಗೆ ಉಳಿದಿದ್ದ ಕೂಪನ್ನನ್ನು ಮಡಚಿ, ಸ್ಕೂಟರಿನ ಡಿಕ್ಕಿಯಲ್ಲಿ ಇನ್ಶೂರೆನ್ಸ್ ಕಾಗದದ ಜೊತೆ ಇಟ್ಟೆ. ಮರುದಿನವೇ ಕೆಂಪು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಆಟೊ ಬಂದು ಗುದ್ದಿತು. ಇಂಡಿಕೇಟರ್ ಪುಡಿಪುಡಿ. "ಏನ್ ಸಾರ್, ರೋಡಲ್ಲಿ ಹಿಂಗೆ ನಿಂತ್ಕೊಂಡ್ರೆ ನಾವು ಗಾಡಿ ಓಡಿಸೋದು ಹೆಂಗೆ?" ಅಂತ ಆಟೊದವನೇ ನನ್ನನ್ನು ಬೈದ.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಬೀನ್ಸ್ ನಾರು ತೆಗೆಯುತ್ತಲೇ ಸಮಾಧಾನ ಹೇಳಿದಳು: "ಅವಳಿಗೆ ಹೆಸರು ಬಂದಿದ್ದು ನೂರರ ಹತ್ತಿರ ಸೋತ ಮೇಲೆ ಅಲ್ವೇನ್ರೀ? ನಿಮ್ಮದು ಇನ್ನೂ ಶುರು."